ವರ್ತಕನ ಪಂಚಾಂಗ

ಯುಗಾದಿಯ ದಿನ ಬೇವುಬೆಲ್ಲವನ್ನು ಸ್ವೀಕರಿಸಿದ ಮೇಲೆ ಪಂಚಾಂಗ ಶ್ರವಣ ಮಾಡುವುದು ಕನ್ನಡನಾಡಿನ ಹಳೆಯ ವಾಡಿಕೆ. ದೇವಸ್ಥಾನದ ಮುಂದೆ ಊರಿನ ಹಿರಿಯರು ಸೇರುತ್ತಾರೆ. ಪುರೋಹಿತರು ಹೊಸ ಸಂವತ್ಸರದ ಹೆಸರನ್ನು ಹೇಳಿ, ಆ ವರ್ಷಕ್ಕೆ ರಾಜನಾರು, ಮಂತ್ರಿಯಾರು, ಮೇಘಾಧಿಪತಿ ಯಾರು, ಸಸ್ಯಾಧಿಪತಿ ಯಾರು ಎಂಬುದನ್ನು ಓದುತ್ತಾರೆ. ಚೈತ್ರ ಶುದ್ಧ ಪಾಡ್ಯವು ಯಾವ ವಾರ ಬೀಳುವುದೋ ಆ ವಾರದ ಗ್ರಹವೇ ರಾಜನು. ಮೇಷ ಸಂಕ್ರಮಣವು ಯಾವ ವಾರ ಬೀಳುವುದೋ ಆ ವಾರದ ಗ್ರಹವೇ ಮಂತ್ರಿ. ಬೀಳುವ ಮಳೆಯಲ್ಲಿ ಸಮುದ್ರದ ಪಾಲೆಷ್ಟು, ಬೆಟ್ಟದ ಪಾಲೆಷ್ಟು, ಭೂಮಿಯ ಪಾಲೆಷ್ಟು ಎಂಬ ಲೆಕ್ಕವೂ ಅದರಲ್ಲಿ ಬರುತ್ತದೆ. ರೈತನು ಮಳೆಯ ಮಾತಿಗೆ ಕಿವಿಗೊಡುತ್ತಾನೆ. ಮದುವೆಗೆ ಬಂದ ಮಗಳುಳ್ಳವನು ಮುಹೂರ್ತಗಳನ್ನು ಎಣಿಸುತ್ತಾನೆ. ಹಿಂದಿನ ಸಾಲಿನಲ್ಲಿ ಕುಳಿತ ವರ್ತಕನು ಮಾತ್ರ ಎಲ್ಲವನ್ನೂ ಕೇಳಿ, ಯಾವುದನ್ನೂ ಮುಖದಲ್ಲಿ ತೋರಗೊಡದೆ ಎದ್ದು ಹೋಗುತ್ತಾನೆ.

ಇದಕ್ಕೆ ಕಾರಣವುಂಟು. ವರ್ತಕನಿಗೆ ತನ್ನದೇ ಆದ ಇನ್ನೊಂದು ಪಂಚಾಂಗವಿದೆ. ಅದರ ಐದು ಅಂಗಗಳು ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳಲ್ಲ. ಮಳೆ, ಬೆಲೆ, ಸುಂಕ, ದುಡಿಯುವ ಕೈ, ನಂಬಿಕೆ ಇವು. ಇವುಗಳಲ್ಲಿ ಮೊದಲಿನ ಮೂರು ಅವನ ವಶದಲ್ಲಿಲ್ಲ. ನಾಲ್ಕನೆಯದು ಅರ್ಧ ಅವನ ವಶದಲ್ಲಿದೆ. ಐದನೆಯದು ಮಾತ್ರ ಪೂರ್ತಿಯಾಗಿ ಅವನದು. ಈ ಪಂಚಾಂಗವನ್ನು ಯಾವ ಪುರೋಹಿತನೂ ಓದುವುದಿಲ್ಲ. ವರ್ಷದ ಕೊನೆಯಲ್ಲಿ ಖಾತೆಯ ಪುಸ್ತಕವನ್ನು ಮುಂದಿಟ್ಟುಕೊಂಡು ಅವನೇ ಓದಿಕೊಳ್ಳಬೇಕು.

ಚಳ್ಳಕೆರೆಯಲ್ಲಿ ಹೀಗೆ ಓದಿಕೊಳ್ಳುವ ಶೇಂಗಾ ಎಣ್ಣೆ ಗಿರಣಿಯ ಯಜಮಾನರೊಬ್ಬರಿದ್ದಾರೆ. ವಯಸ್ಸು ಎಪ್ಪತ್ತರ ಅಂಚಿನದು. ಅವರ ತಂದೆಯವರು ಎತ್ತಿನ ಗಾಣವನ್ನು ಬಿಟ್ಟು ವಿದ್ಯುತ್ತಿನ ಎಕ್ಸ್‌ಪೆಲ್ಲರನ್ನು ತಂದವರು. ಸರ್ಕಾರದ ಲೆಕ್ಕದ ವರ್ಷವು ಮಾರ್ಚಿ 31ಕ್ಕೆ ಮುಗಿಯುವುದಾದರೂ, ತಂದೆಯವರು ಹಾಕಿಕೊಟ್ಟ ಕ್ರಮದಂತೆ ಫಾಲ್ಗುಣದ ಅಮಾವಾಸ್ಯೆಯ ಹೊತ್ತಿಗೆ ಮನೆಯ ಲೆಕ್ಕವನ್ನು ಮುಗಿಸಿ, ಹೊಸ ಪುಸ್ತಕದ ಮೊದಲ ಹಾಳೆಯಲ್ಲಿ ಬರುವ ವರ್ಷದ ಬಗ್ಗೆ ತಮಗೆ ತೋಚಿದುದನ್ನು ನಾಲ್ಕಾರು ಸಾಲಿನಲ್ಲಿ ಬರೆದಿಡುವುದು ಅವರ ಪದ್ಧತಿ. ವರ್ಷ ತುಂಬಿದಾಗ ಆ ಸಾಲುಗಳನ್ನು ಓದಿ, ನಿಜವಾದುದರ ಮುಂದೆ ಒಂದು ಗೆರೆ, ಆಗದುದರ ಮುಂದೆ ಒಂದು ಸೊನ್ನೆ ಹಾಕುತ್ತಾರೆ. ನಲವತ್ತಕ್ಕೆ ಮೀರಿದ ಇಂಥ ಹಾಳೆಗಳಲ್ಲಿ ಸೊನ್ನೆಗಳೇ ಹೆಚ್ಚೆಂದು ಅವರು ನಗುತ್ತ ಹೇಳುವುದುಂಟು.

ವಿಶ್ವಾವಸು ಸಂವತ್ಸರದ ಕಡೆಯ ದಿನಗಳಲ್ಲಿ ಈ ಬರವಣಿಗೆಯು ಅವರಿಗೆ ಸುಲಭವಾಗಲಿಲ್ಲ. ಮೊದಲನೆಯದಾಗಿ, 2026ರ ಮಾರ್ಚಿ 19ರಿಂದ ಆರಂಭವಾಗುವ ಸಂವತ್ಸರದ ಹೆಸರು ಪರಾಭವ. ಯುಗಾದಿ ಗುರುವಾರ ಬೀಳುವುದರಿಂದ ರಾಜನು ಗುರು, ಸಂಕ್ರಮಣ ಮಂಗಳವಾರ ಬೀಳುವುದರಿಂದ ಮಂತ್ರಿಯು ಕುಜ. ರಾಜನು ಒಳ್ಳೆಯವನೇ ಆದರೂ ಸೋಲು ಎಂಬ ಅರ್ಥದ ಹೆಸರನ್ನು ಹೊತ್ತ ವರ್ಷಕ್ಕೆ ಹೊಸ ಪುಸ್ತಕ ತೆರೆಯುವುದು ಯಾವ ವರ್ತಕನಿಗೂ ಹಿತವಲ್ಲವಷ್ಟೆ. ಎರಡನೆಯದಾಗಿ, ಆ ಹಾಳೆಯ ಮೇಲೆ ಬರೆಯಬೇಕಾಗಿದ್ದುದು ಮಳೆಬೆಳೆಯ ಮಾತಷ್ಟೇ ಅಲ್ಲ. ಗಿರಣಿಯನ್ನು ಇನ್ನೊಂದು ವರ್ಷ ನಡೆಸುವುದೆ, ಬಾಗಿಲು ಹಾಕಿ ಅಂಗಳವನ್ನು ನಿವೇಶನಗಳಾಗಿ ಮಾರುವುದೆ ಎಂಬ ಪ್ರಶ್ನೆಯನ್ನು ಮಗನು ಎತ್ತಿದ್ದನು. "ಅಪ್ಪಾಜಿ, ಈಗ ಬೆಲೆಯಿರುವುದು ಯಂತ್ರಕ್ಕಲ್ಲ, ಕೆಳಗಿನ ನೆಲಕ್ಕೆ. ಊರು ಬೆಳೆದು ಗಿರಣಿಯ ಸುತ್ತ ಬಂದು ನಿಂತಿದೆ. ನಷ್ಟವನ್ನು ಎಷ್ಟು ವರ್ಷ ಅರೆಯುತ್ತೀರಿ?" ಎಂದು ಅವನು ಕೇಳಿದನು. ಮಗನ ಮಾತಿನಲ್ಲಿ ಅವಿಧೇಯತೆಯಿರಲಿಲ್ಲ, ಲೆಕ್ಕವೂ ತಪ್ಪಿರಲಿಲ್ಲ. ಆದುದರಿಂದಲೇ ಯಜಮಾನರಿಗೆ ಉತ್ತರ ಹೇಳುವುದು ಕಷ್ಟವಾಯಿತು.

ಪಂಚಾಂಗದ ಮೊದಲನೆಯ ಅಂಗ ಮಳೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳನ್ನು ಹೆಸರಿಸುವಾಗ ಚಳ್ಳಕೆರೆ, ಮೊಳಕಾಲ್ಮೂರುಗಳ ಹೆಸರು ತಪ್ಪದೆ ಬರುತ್ತದೆ. ಪಶ್ಚಿಮದ ಬೆಟ್ಟಸಾಲು ಮುಂಗಾರಿನ ನೀರನ್ನೆಲ್ಲ ತನ್ನ ಮಗ್ಗುಲಲ್ಲಿಯೇ ಇಳಿಸಿಕೊಂಡು, ಬರಿಯ ಗಾಳಿಯನ್ನು ಈ ಬಯಲಿಗೆ ಕಳುಹಿಸುತ್ತದೆ. ಇಲ್ಲಿಯ ಕೆಂಪು ಮರಳುಮಣ್ಣು ನೀರನ್ನು ಬಹಳ ದಿನ ಹಿಡಿದಿಡುವುದಿಲ್ಲ. ಇಂಥ ನೆಲಕ್ಕೆ ಶೇಂಗಾ ಒಗ್ಗಿಬಂದುದು ಅದರ ಸಹನೆಯ ಗುಣದಿಂದ. ನಾಲ್ಕು ತಿಂಗಳಿಗೆ ಒಳಗಾಗಿಯೇ ಕೊಯ್ಲಿಗೆ ಬರುವ ಟಿ.ಎಂ.ವಿ. 2 ಎಂಬ ಗೆಜ್ಜೆಶೇಂಗಾ ತಳಿಯನ್ನು ಇಲ್ಲಿಯ ರೈತರು ತಲೆಮಾರುಗಳಿಂದ ನಂಬಿದ್ದಾರೆ. ಮೊಳೆತ ಮೇಲೆ ಕೆಲವು ವಾರ ಒಣ ಹಾಕಿದರೂ ಗಿಡ ಸಾಯುವುದಿಲ್ಲ. ಆದರೆ ಹೂವು ಉದುರಿ ಅದರ ಎಳೆಯು ಮಣ್ಣಿಗಿಳಿಯುವ ಹೊತ್ತಿಗೆ ನೆಲ ಮೆತ್ತಗಿರಲೇಬೇಕು. ಆಗ ಮಳೆ ಕೈಕೊಟ್ಟರೆ ಗಿಡ ಹಸಿರಾಗಿ ನಿಂತಿರುತ್ತದೆ, ಬುಡದಲ್ಲಿ ಕಾಯಿಯಿರುವುದಿಲ್ಲ. ದಾರಿಯಲ್ಲಿ ಹೋಗುವವರು ಬೆಳೆ ಚೆನ್ನಾಗಿದೆ ಎನ್ನುತ್ತಾರೆ. ಕಿತ್ತು ನೋಡಿದವನಿಗೆ ಮಾತ್ರ ನಿಜ ಗೊತ್ತು.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಈ ಸೀಮೆಯಲ್ಲಿಯೂ ಇದೆ. ಆದರೆ ಯಜಮಾನರು ಹಳೆಯ ಹಾಳೆಗಳನ್ನು ತಿರುವಿದಾಗ ಕಂಡುದು ಬೇರೆ. ಮೊದಲ ಮಳೆ ಬಂದುದರಿಂದ ಯಾವ ವರ್ಷವೂ ಗೆದ್ದಿಲ್ಲ. ನಡುವಿನ ಮಳೆ ತಪ್ಪಿದುದರಿಂದ ಅನೇಕ ವರ್ಷಗಳು ಸೋತಿವೆ. 2025ರಲ್ಲಿ ಮುಂಗಾರು ವಾಡಿಕೆಗಿಂತ ಎಂಟು ದಿನ ಮೊದಲೇ, ಮೇ 24ರಂದು, ಕೇರಳವನ್ನು ಮುಟ್ಟಿತು. 2009ರಿಂದೀಚೆಗೆ ಅಷ್ಟು ಬೇಗ ಬಂದುದಿಲ್ಲ. ಅದಕ್ಕೆ ಎರಡು ವರ್ಷ ಹಿಂದೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಅದಕ್ಕೂ ಒಂದು ವರ್ಷ ಹಿಂದೆ, 2022ರ ಸೆಪ್ಟೆಂಬರಿನಲ್ಲಿ, ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರವು 1933ರ ತರುವಾಯ ಮೊದಲ ಸಲ ಕೋಡಿ ಬಿದ್ದಿತು. ಎಂಬತ್ತೊಂಬತ್ತು ವರ್ಷ ಬಾರದ ನೀರು ಬಂದ ಮರುವರ್ಷವೇ ಬರ! ಇದನ್ನು ಮುಂದಾಗಿ ಯಾರು ಬರೆದಿದ್ದರು? ಆದುದರಿಂದ ಮಳೆಯನ್ನು ಕುರಿತು ಅವರು ಈಚೆಗೆ ಭವಿಷ್ಯ ಬರೆಯುವುದನ್ನು ಬಿಟ್ಟಿದ್ದಾರೆ. ಅದರ ಬದಲಾಗಿ, ಬಿತ್ತನೆಯ ಬೀಜವನ್ನು ಯಾವ ನಕ್ಷತ್ರದವರೆಗೆ ಮಾರದೆ ಇಟ್ಟುಕೊಳ್ಳತಕ್ಕದ್ದು ಎಂಬುದನ್ನಷ್ಟೇ ಬರೆಯುತ್ತಾರೆ. ಮೊದಲ ಬಿತ್ತನೆ ಕೆಟ್ಟ ರೈತನು ಎರಡನೆಯ ಸಲ ಬೀಜ ಕೇಳಿಕೊಂಡು ಬರುವುದು ಪುನರ್ವಸು ಪುಷ್ಯಗಳಲ್ಲಿ. ಆ ಹೊತ್ತಿಗೆ ಬೀಜವನ್ನು ಅರೆದು ಎಣ್ಣೆ ಮಾಡಿ ಮುಗಿಸಿದ ಗಿರಣಿಯು ತನ್ನ ಮುಂದಿನ ವರ್ಷವನ್ನೇ ಅರೆದಂತೆ.

ಎರಡನೆಯ ಮತ್ತು ಮೂರನೆಯ ಅಂಗಗಳಾದ ಬೆಲೆ, ಸುಂಕಗಳನ್ನು ಒಟ್ಟಿಗೆ ನೋಡಬೇಕು. ಚಳ್ಳಕೆರೆಗೆ ಎಣ್ಣೆಯ ಊರೆಂದೂ, ಎರಡನೆಯ ಮುಂಬಯಿಯೆಂದೂ ಹೆಸರಿದ್ದ ಕಾಲವೊಂದಿತ್ತು. ಬಳ್ಳಾರಿಯ ದಾರಿಯಲ್ಲಿ ಬರುವವನಿಗೆ ಊರು ಕಾಣುವ ಮುನ್ನವೇ ಹುರಿದ ಶೇಂಗಾದ ವಾಸನೆ ಮೂಗಿಗೆ ಬಡಿಯುತ್ತಿತ್ತು. 1986ರಲ್ಲಿ ಕೇಂದ್ರ ಸರ್ಕಾರವು ಎಣ್ಣೆಬೀಜಗಳ ಅಭಿವೃದ್ಧಿಗಾಗಿ ದೊಡ್ಡ ಯೋಜನೆಯನ್ನು ಕೈಗೊಂಡ ಮೇಲೆ ನಾಡಿನಲ್ಲಿ ಬೆಳೆಯೂ ಹೆಚ್ಚಿತು, ಬೆಲೆಯೂ ನಿಂತಿತು. ಆ ದಿನಗಳ ಹಾಳೆಗಳಲ್ಲಿ ಯಜಮಾನರ ಅಕ್ಷರವೇ ದೊಡ್ಡದಾಗಿದೆ. 1994ರಲ್ಲಿ ತಾಳೆಯೆಣ್ಣೆಯ ಆಮದಿಗೆ ಬಾಗಿಲು ತೆರೆಯಿತು. ಮರುವರ್ಷ ಬೇರೆ ಎಣ್ಣೆಗಳಿಗೂ ತೆರೆದು, ಸುಂಕವು ಶೇಕಡಾ 65ರಿಂದ 30ಕ್ಕೆ, ಆ ಶತಮಾನ ಮುಗಿಯುವುದರೊಳಗಾಗಿ 15ಕ್ಕೆ ಇಳಿಯಿತು. ಅಂದಿನಿಂದ ಚಳ್ಳಕೆರೆಯ ಗಿರಣಿಯ ಬೆಲೆಯನ್ನು ಚಳ್ಳಕೆರೆಯ ಮಳೆ ನಿರ್ಧರಿಸುವುದು ತಪ್ಪಿತು. ಈಚಿನ ವರ್ಷಗಳಲ್ಲಿ ದೇಶವು ವರ್ಷಕ್ಕೆ ಸುಮಾರು 160 ಲಕ್ಷ ಟನ್ ಅಡಿಗೆಯೆಣ್ಣೆಯನ್ನು ಹೊರಗಿನಿಂದ ತರಿಸುತ್ತಿದೆ. ಬಾಣಲೆಗೆ ಬೀಳುವ ಎಣ್ಣೆಯಲ್ಲಿ ಅರ್ಧಕ್ಕೆ ಮಿಕ್ಕದ್ದು ಪರದೇಶದ್ದು.

ಗಿರಣಿಯ ಲೆಕ್ಕವೇನೋ ಸರಳವಾದುದು. ನೂರು ಕಿಲೋ ಕಾಯಿಯನ್ನು ಸುಲಿದರೆ 70 ಕಿಲೋ ಬೀಜ, 30 ಕಿಲೋ ಸಿಪ್ಪೆ. ಆ ಬೀಜವನ್ನು ಅರೆದರೆ 28ರಿಂದ 30 ಕಿಲೋ ಎಣ್ಣೆ, ಸುಮಾರು 40 ಕಿಲೋ ಹಿಂಡಿ. ಸಿಪ್ಪೆ ಒಲೆಗೆ ಹೋಗುತ್ತದೆ, ಹಿಂಡಿ ದನಕ್ಕೆ ಹೋಗುತ್ತದೆ, ಯಾವುದೂ ಹಾಳಿಲ್ಲ. ಮಳೆ ಕಡಿಮೆಯಾದ ವರ್ಷ ಬೀಜ ಜೊಳ್ಳಾಗಿ 70 ಎಂಬುದು 60ಕ್ಕೆ ಇಳಿದರೆ ಲಾಭವೆಲ್ಲ ಆ ಹತ್ತರಲ್ಲಿಯೇ ಹೊರಟುಹೋಗುತ್ತದೆ. 2025ರ ಮುಂಗಾರಿಗೆ ಸರ್ಕಾರವು ಶೇಂಗಾಕ್ಕೆ ಕ್ವಿಂಟಲಿಗೆ 7263 ರೂಪಾಯಿಯ ಬೆಂಬಲ ಬೆಲೆಯನ್ನು ಗೊತ್ತುಮಾಡಿತು. ಆ ಬೆಲೆಗೆ ಕಾಯಿ ಕೊಂಡರೆ, ಹಿಂಡಿಯಿಂದ ಬರುವುದನ್ನು ಕಳೆಯುವ ಮುನ್ನ, ಎಣ್ಣೆಯ ಕಿಲೋ ಒಂದಕ್ಕೆ ಕಾಯಿಯ ಅಸಲೇ ಸುಮಾರು 250 ರೂಪಾಯಿ ಬೀಳುತ್ತದೆ. ಕೂಲಿ, ವಿದ್ಯುತ್ತು, ಬಡ್ಡಿಗಳ ಮಾತು ಆಮೇಲೆ. ತಾಳೆಯೆಣ್ಣೆಯು ಇದಕ್ಕಿಂತ ಬಹಳ ಅಗ್ಗವಾಗಿ ಬಂದರಿಗೆ ಇಳಿಯುತ್ತದೆ. ರೈತನಿಗೆ ಅಷ್ಟು ಬೆಲೆ ಕೊಡಬೇಕೆಂಬುದು ನ್ಯಾಯ. ಕೊಂಡು ತಿನ್ನುವವನು ಅಷ್ಟು ಕೊಡಲಾರನೆಂಬುದೂ ನಿಜ. ಗಿರಣಿಯು ಈ ನ್ಯಾಯಕ್ಕೂ ಈ ನಿಜಕ್ಕೂ ನಡುವೆ ಸಿಕ್ಕಿಕೊಂಡು ಅರೆಯಲ್ಪಡುತ್ತಿದೆ.

ಸುಂಕದ ಗತಿ ನಕ್ಷತ್ರದ ಗತಿಗಿಂತಲೂ ಗೂಢವಾದುದು. 2022ರ ಫೆಬ್ರವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ ಹೊತ್ತಿಕೊಂಡು ಸೂರ್ಯಕಾಂತಿಯ ಎಣ್ಣೆ ನಿಂತಿತು. ಏಪ್ರಿಲಿನ ಕೊನೆಯಲ್ಲಿ ಇಂಡೋನೇಷ್ಯವು ತಾಳೆಯೆಣ್ಣೆಯ ರಫ್ತನ್ನು ತಡೆಹಿಡಿದು, ಒಂದು ತಿಂಗಳು ತುಂಬುವುದರೊಳಗೆ ಮತ್ತೆ ಬಿಟ್ಟಿತು. ಆ ಒಂದು ತಿಂಗಳಲ್ಲಿ ಚಳ್ಳಕೆರೆಯ ಮುಚ್ಚಿದ ಗಿರಣಿಗಳ ಬೀಗವೂ ಅಲುಗಾಡಿತೆಂದು ಜನ ಹೇಳುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಎಣ್ಣೆಗಳ ಮೇಲೆ ಶೇಕಡಾ 20ರ ಮೂಲಸುಂಕ ಬಿದ್ದಿತು. ವಿಶ್ವಾವಸುವಿನ ಮೊದಲ ಹಾಳೆಯಲ್ಲಿ ಯಜಮಾನರು "ಸುಂಕ ನಿಲ್ಲುತ್ತದೆ, ಕಾಯಿ ಹಿಡಿಯಬಹುದು" ಎಂದು ಬರೆದಿದ್ದರು. ಎರಡು ತಿಂಗಳು ಕಳೆಯುತ್ತಲೇ, ಮೇ ಮುಗಿಯುವ ಹೊತ್ತಿಗೆ, ಅದು 10ಕ್ಕೆ ಇಳಿಯಿತು. ಆ ಸಾಲಿನ ಮುಂದೆ ಈಗ ಸೊನ್ನೆಯಿದೆ. ಸುಂಕ ಇಳಿಸಿದವರ ಮೇಲೆ ಅವರಿಗೆ ಕೋಪವಿಲ್ಲ. ಪಟ್ಟಣದಲ್ಲಿ ದಿನಗೂಲಿಯಿಂದ ಬದುಕುವ ಸಂಸಾರಕ್ಕೆ ಎಣ್ಣೆ ಅಗ್ಗವಾಗುವುದು ಸಣ್ಣ ವಿಷಯವಲ್ಲ. ಆದರೆ ಬಿತ್ತುವ ತಿಂಗಳಿನಲ್ಲಿ ಒಂದು ಮಾತು, ಕೊಯ್ಯುವ ತಿಂಗಳಿನಲ್ಲಿ ಇನ್ನೊಂದು ಮಾತು ಆದರೆ ನೆಲವನ್ನು ನಂಬಿದವನು ಯಾವುದನ್ನು ಹಿಡಿಯಬೇಕು ಎಂಬುದು ಅವರ ಪ್ರಶ್ನೆ.

ಇಂಥ ಸಂಕಟದಲ್ಲಿ ವರ್ತಕನ ಮುಂದೆ ಒಂದು ಸುಲಭದ ದಾರಿ ತೆರೆದಿರುತ್ತದೆ. ಶೇಂಗಾ ಎಣ್ಣೆಯಲ್ಲಿ ಅಗ್ಗದ ಎಣ್ಣೆಯನ್ನು ಬೆರೆಸಿದರೆ ಬಣ್ಣದಲ್ಲಿ ಅಷ್ಟಾಗಿ ತಿಳಿಯುವುದಿಲ್ಲ. ಚಳಿಗೆ ಡಬ್ಬದ ತಳದಲ್ಲಿ ಗಟ್ಟಿಯಾದಾಗ ಮಾತ್ರ ಗುಟ್ಟು ಹೊರಬೀಳಬಹುದು. ಯಜಮಾನರು ಆ ದಾರಿ ಹಿಡಿಯಲಿಲ್ಲ. ಇದು ದೊಡ್ಡ ಪುಣ್ಯವೆಂದು ಅವರು ಭಾವಿಸಿದವರಲ್ಲ. ಅರೆಯುವ ಕೆಲಸ ಮಾತ್ರ ತಮಗೆ ಗೊತ್ತು, ಬೆರೆಸುವ ಕೆಲಸ ಗೊತ್ತಿಲ್ಲ ಎನ್ನುತ್ತಾರೆ. ಮೂರು ಎಕ್ಸ್‌ಪೆಲ್ಲರುಗಳಲ್ಲಿ ಎರಡು ನಿಂತುಹೋದುದು ಆ ಅಜ್ಞಾನದ ಬೆಲೆ. ಆದರೆ ಕಾಲವು ಇನ್ನೊಂದು ವಿನೋದವನ್ನೂ ತೋರಿಸಿದೆ. ಮರದ ಗಾಣದ ಎಣ್ಣೆಯೆಂದು ಹೇಳಿದರೆ ಬೆಂಗಳೂರಿನ ಮನೆಗಳವರು ಒಂದಕ್ಕೆ ಒಂದೂವರೆ ಬೆಲೆ ಕೊಟ್ಟು ಕೊಳ್ಳುತ್ತಿದ್ದಾರೆ. ತಂದೆಯವರು ಹಳತಾಯಿತೆಂದು ಅಂಗಳದ ಹಿಂದಕ್ಕೆ ಉರುಳಿಸಿದ ಗಾಣದ ದಿಮ್ಮಿಯನ್ನು ಮೊಮ್ಮಕ್ಕಳು ಕುತೂಹಲದಿಂದ ನೋಡುತ್ತಿದ್ದಾರೆ.

ಮೊಳಕಾಲ್ಮೂರಿನಲ್ಲಿ ಯಜಮಾನರ ಹಳೆಯ ಗೆಳೆಯರೊಬ್ಬರು ರೇಷ್ಮೆ ಸೀರೆಯ ವ್ಯಾಪಾರ ಮಾಡುತ್ತಾರೆ. ವರ್ಷಾಂತ್ಯದಲ್ಲಿ ಒಬ್ಬರ ಅಂಗಡಿಗೆ ಒಬ್ಬರು ಹೋಗಿ ಸುಖದುಃಖ ಹೇಳಿಕೊಳ್ಳುವುದು ಇಬ್ಬರ ರೂಢಿ. ಎಣ್ಣೆಯವನ ಕಣ್ಣು ಆಕಾಶದ ಮೇಲಿದ್ದರೆ ಸೀರೆಯವನ ಕಣ್ಣು ಮುಹೂರ್ತದ ಮೇಲೆ. ಪರಾಭವದಲ್ಲಿ ಜ್ಯೇಷ್ಠವು ಅಧಿಕಮಾಸವಾಗಿ, 2026ರ ಮೇ 17ರಿಂದ ಜೂನ್ 15ರವರೆಗೆ ಮದುವೆಗಳಿಗೆ ತಡೆ ಬೀಳುವುದೆಂಬುದನ್ನು ಗೆಳೆಯರು ಪಂಚಾಂಗ ಕೈಗೆ ಬಂದ ದಿನವೇ ಗುರುತು ಹಾಕಿಕೊಂಡಿದ್ದರು. "ಯಜಮಾನರೆ, ನಿಮಗೆ ಮಳೆ ಹೋದರೆ ಬರ, ನಮಗೆ ಲಗ್ನ ಹೋದರೆ ಬರ. ನಿಮ್ಮ ಬರವನ್ನು ಸರ್ಕಾರ ಸಾರುತ್ತದೆ, ನಮ್ಮದನ್ನು ಸಾರುವವರಿಲ್ಲ" ಎಂದು ಅವರು ನಕ್ಕರು. ವೈಶಾಖ ಮುಗಿಯುವುದರೊಳಗೆ ಮಾರಬೇಕಾದ ಸೀರೆಗೆ ಮಾಘದಲ್ಲಿಯೇ ನೂಲು ಕೊಡಬೇಕು. ಅಧಿಕಮಾಸದಲ್ಲಿ ಮಗ್ಗ ನಿಲ್ಲಿಸದೆ ನೇಯಿಸಿದರೆ ಶ್ರಾವಣದವರೆಗೆ ಹಣ ಹಾಸಿನಲ್ಲಿಯೇ ಸಿಕ್ಕಿಕೊಂಡಿರುತ್ತದೆ. ನಿಲ್ಲಿಸಿದರೆ ನೇಕಾರನ ಮನೆಯ ಒಲೆ ನಿಲ್ಲುತ್ತದೆ; 2020ರಲ್ಲಿ ಸೋಂಕಿನ ಭಯದಿಂದ ಊರಿಗೆ ಊರೇ ಬಾಗಿಲು ಹಾಕಿದಾಗ ಹಾಗೆ ನಿಂತ ಕೆಲವು ಮಗ್ಗಗಳು ಮತ್ತೆ ನಡೆಯಲೇ ಇಲ್ಲ. ಗುಂಡಿಮಗ್ಗದ ಮುಂದೆ ಕುಳಿತವನು ಕೂಲಿಯನ್ನು ಒಂದು ತಿಂಗಳು ತಡೆದುಕೊಳ್ಳಬಹುದು, ಎರಡು ತಿಂಗಳಿಗೆ ಬೇರೆ ಕೆಲಸ ಹುಡುಕುತ್ತಾನೆ, ಮತ್ತೆ ಮಗ್ಗಕ್ಕೆ ಇಳಿಯುವುದಿಲ್ಲ. ಹಾಗೆ ಹೋದ ಕೈಯನ್ನು ಯಾವ ಬೆಲೆ ಕೊಟ್ಟರೂ ತರಲಾಗದು.

ಮೊಳಕಾಲ್ಮೂರು ಸೀರೆಗೆ ರಕ್ಷಣೆಯೇ ಇಲ್ಲವೆಂದಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ ಕಾನೂನು 1985ರಿಂದ ಇದೆ. ಊರಿನ ಹೆಸರನ್ನು ಬೇರೆಯವರು ಬಳಸದಂತೆ ಭೌಗೋಳಿಕ ಗುರುತಿನ ಮನ್ನಣೆಯೂ 2011ರ ವೇಳೆಗೆ ದೊರೆತಿದೆ. ಆದರೆ ಕಾನೂನು ಹೆಸರನ್ನು ಕಾಯಬಲ್ಲುದು. ಕೊಳ್ಳುವವರ ಕಣ್ಣನ್ನು ತಿದ್ದಲಾರದು. ವಿದ್ಯುತ್ ಮಗ್ಗದಲ್ಲಿ ಬೇಗನೆ ಇಳಿದ ಸೀರೆಗೂ, ಅಂಚನ್ನು ಬೇರೆ ಲಾಳಿಯಿಂದ ಕೈಯಾರೆ ಕೂಡಿಸಿ ದಿನಗಟ್ಟಲೆ ನೇಯ್ದ ಸೀರೆಗೂ ಭೇದ ತಿಳಿಯದವರು, ಎರಡನ್ನೂ ಒಂದೇ ದೀಪದ ಬೆಳಕಿನಲ್ಲಿ ನೋಡಿ ಅಗ್ಗದ್ದನ್ನು ಆರಿಸುತ್ತಾರೆ. ಗೆಳೆಯರ ಭವಿಷ್ಯ ಹೀಗಿತ್ತು: ಪರಾಭವದಲ್ಲಿ ಸೀರೆಗಳ ಸಂಖ್ಯೆ ತಗ್ಗುತ್ತದೆ, ಒಳ್ಳೆಯ ಸೀರೆಯ ಬೆಲೆ ತಗ್ಗುವುದಿಲ್ಲ, ಹತ್ತು ಸಾಧಾರಣ ಸೀರೆ ನೇಯಿಸುವುದಕ್ಕಿಂತ ಮೂರು ಉತ್ತಮ ಸೀರೆ ನೇಯಿಸಿ ನೇಕಾರನಿಗೆ ಹತ್ತರ ಕೂಲಿ ಕೊಡುವವನು ಉಳಿಯುತ್ತಾನೆ. ಇದನ್ನು ಕೇಳಿ ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ.

ಆ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿರುವುದು ವಿದ್ಯಾವಂತರಿಗೆಲ್ಲ ತಿಳಿದ ಸಂಗತಿ, ಬಿ. ಎಲ್. ರೈಸರು ಅವುಗಳನ್ನು ಬೆಳಕಿಗೆ ತಂದುದು 1892ರಲ್ಲಿ. ದೊಡ್ಡವರು ಮಾತ್ರವಲ್ಲ, ಚಿಕ್ಕವರೂ ಪ್ರಯತ್ನದಿಂದ ಮೇಲೇರಬಲ್ಲರೆಂಬುದು ಆ ಶಾಸನದ ತಾತ್ಪರ್ಯಗಳಲ್ಲೊಂದು. ಅದನ್ನು ಬರೆಯಿಸಿದ ಚಕ್ರವರ್ತಿಯ ಸಾಮ್ರಾಜ್ಯ ಹೋಯಿತು. ಬರೆದ ಲಿಪಿಕಾರ ಚಪಡನು ಕೊನೆಯಲ್ಲಿ ಹಾಕಿದ ತನ್ನ ಹೆಸರು ಮಾತ್ರ ಬಂಡೆಯ ಮೇಲೆ ಹಾಗೆಯೇ ಉಳಿದಿದೆ. ಕೈಕೆಲಸದವನ ಗುರುತು ದೊರೆಯ ಆಳಿಕೆಗಿಂತ ಹೆಚ್ಚು ಕಾಲ ನಿಲ್ಲುವುದು ಆ ಸೀಮೆಗೆ ಹೊಸದಲ್ಲ.

ನಾಲ್ಕನೆಯ ಅಂಗವಾದ ದುಡಿಯುವ ಕೈಯ ವಿಷಯಕ್ಕೆ ಬಂದರೆ ಚಳ್ಳಕೆರೆಯ ಕಾವಲುಗಳ ಮಾತು ಬರಲೇಬೇಕು. ಮೈಸೂರು ಅರಸರು ಬೆಣ್ಣೆ ಚಾವಡಿಯೆಂದು ಆರಂಭಿಸಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ದನಗಳ ಮೇವಿಗೆಂದು ಬಿಟ್ಟ ಹುಲ್ಲುಗಾವಲುಗಳಲ್ಲಿ ಸುತ್ತಲ ಹಳ್ಳಿಗಳ ಕುರಿಗಳೂ ಮೇಯುತ್ತಿದ್ದವು. ಚಳ್ಳಕೆರೆಯ ಕಂಬಳಿಯ ಉಣ್ಣೆ ಬರುತ್ತಿದ್ದುದು ಆ ಕುರಿಗಳಿಂದಲೇ. ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳಲ್ಲಿ ಸಾವಿರಾರು ಎಕರೆಗಳು ವಿಜ್ಞಾನ ಮತ್ತು ರಕ್ಷಣೆಯ ಸಂಸ್ಥೆಗಳಿಗೆ ಸಂದವು. 2017ರ ಮೇ ತಿಂಗಳಲ್ಲಿ ವಿಮಾನ ಪರೀಕ್ಷಾ ಕ್ಷೇತ್ರವು ಅಲ್ಲಿ ಪ್ರಾರಂಭವಾಯಿತು. 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಬಾರಿ, ಇಸ್ರೋದ ಮರುಬಳಕೆಯ ವಾಹನವು ಆಕಾಶದಿಂದ ತಾನಾಗಿಯೇ ಇಳಿದು ಅದೇ ನೆಲದ ಮೇಲೆ ನಿಂತಿತು. ಯಜಮಾನರು ಇದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ. ಆದರೆ ಆ ಬೇಲಿಯ ಹೊರಗೆ ನಿಂತ ಕುರಿಗಾಹಿಯು ತಮ್ಮ ಗಿರಣಿಯ ಶೇಂಗಾ ಹಿಂಡಿಗೆ ಹಳೆಯ ಗಿರಾಕಿಯೆಂಬುದನ್ನೂ ಅವರು ಮರೆತಿಲ್ಲ. ಮೇವು ಹೋದರೆ ಕುರಿ ಹೋಗುತ್ತದೆ, ಕುರಿ ಹೋದರೆ ಕಂಬಳಿಯೂ ಹೋಗುತ್ತದೆ, ಹಿಂಡಿಯ ಗಿರಾಕಿಯೂ ಹೋಗುತ್ತಾನೆ. ಹಳ್ಳಿಯ ಯುವಕರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಗಿರಣಿಯಲ್ಲಿ ಉಳಿದ ಆಳುಗಳಲ್ಲಿ ಐವತ್ತಕ್ಕೆ ಕೆಳಗಿನವರು ಯಾರೂ ಇಲ್ಲ.

ಇಷ್ಟೆಲ್ಲ ಲೆಕ್ಕವೂ ಮಗನ ಪಕ್ಷವನ್ನೇ ಹಿಡಿಯಿತು. ಉಳಿದುದು ಐದನೆಯ ಅಂಗವೊಂದು. ಅದನ್ನು ನೋಡುವುದಕ್ಕಾಗಿ ಯಜಮಾನರು ಹಳೆಯ ಪೆಟ್ಟಿಗೆಯಿಂದ ಹಿಂದಿನ ಪರಾಭವದ, ಎಂದರೆ 1966ರ, ಪುಸ್ತಕವನ್ನು ತೆಗೆದರು. ಆಗ ಅವರು ಹತ್ತು ವರ್ಷದ ಹುಡುಗ. ಹಿಂದಿನ ವರ್ಷವೇ ದೇಶದಲ್ಲಿ ಮಳೆ ಕೆಟ್ಟು, ಹಡಗಿನಲ್ಲಿ ಬಂದ ಗೋದಿಯನ್ನು ಕಾಯುವ ಕಾಲವದು. ಆ ಜೂನ್ 6ರಂದು ಡಾಲರಿಗೆ 4.76 ಇದ್ದ ರೂಪಾಯಿ ಒಂದೇ ದಿನ 7.50ಕ್ಕೆ ಇಳಿಯಿತು. ಅಂಥ ವರ್ಷದ ಮೊದಲ ಹಾಳೆಯಲ್ಲಿ ತಂದೆಯವರು ಭವಿಷ್ಯವನ್ನೇ ಬರೆದಿರಲಿಲ್ಲ. ಮೂರು ಸಾಲು ಮಾತ್ರ ಇದ್ದವು: "ಹೊಸ ಸಾಲ ಮಾಡಬಾರದು. ಹಳೆಯ ಬಾಕಿ ಕೇಳಬಾರದು. ಬಿತ್ತನೆ ಬೀಜ ಮಾರಬಾರದು." ಕೆಳಗೆ ಸೊನ್ನೆಯೂ ಇಲ್ಲ, ಗೆರೆಯೂ ಇಲ್ಲ. ಆದರೆ ಅದೇ ಪುಸ್ತಕದ ಕೊನೆಯ ಹಾಳೆಗಳಲ್ಲಿಯೂ, ಮರುವರ್ಷದ ಪುಸ್ತಕದಲ್ಲಿಯೂ, ಕೇಳದೆ ಇದ್ದ ಬಾಕಿಗಳು ಒಂದೊಂದಾಗಿ ಜಮೆಯಾದುದು ಕಾಣುತ್ತಿತ್ತು. ಕೆಲವರು ಹಣ ತಂದಿದ್ದರು, ಕೆಲವರು ಕಾಯಿ ತಂದಿದ್ದರು. ಒಬ್ಬನು ಎರಡು ಕುರಿ ತಂದುದೂ ದಾಖಲಾಗಿತ್ತು. ಬಾರದೇ ಹೋದವುಗಳ ಮುಂದೆ ತಂದೆಯವರು "ಹಟ್ಟಿಯಪ್ಪನ ಪಾಲು" ಎಂದು ಬರೆದು ಖಾತೆಯನ್ನು ಮುಗಿಸಿದ್ದರು.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರು ಆ ಸೀಮೆಯ ವರ್ತಕರ ಬಾಯಲ್ಲಿ ಬರುವುದು ಸಹಜ. ಫಾಲ್ಗುಣದಲ್ಲಿ ನಡೆಯುವ ಅವರ ರಥೋತ್ಸವಕ್ಕೆ ಚಳ್ಳಕೆರೆ, ಮೊಳಕಾಲ್ಮೂರುಗಳೆರಡೂ ಬರಿದಾಗುತ್ತವೆ. ಸ್ವಾಮಿಗಳು ಬರದ ನೆಲದಲ್ಲಿ ಐದು ಕೆರೆಗಳನ್ನು ಕಟ್ಟಿಸಿದರೆಂದೂ, ಮಾಡಿದಷ್ಟು ನೀಡು ಭಿಕ್ಷೆ ಎಂಬುದು ಅವರ ಬೋಧೆಯೆಂದೂ ಪ್ರತೀತಿ. ಇದನ್ನು ಕೂಲಿಯವರು ಮಾಡಿದ ಕೆಲಸಕ್ಕೆ ತಕ್ಕ ಕೂಲಿಯೆಂದು ಅರ್ಥಮಾಡುತ್ತಾರೆ. ವರ್ತಕರು ಹಾಕಿದ ಬಂಡವಾಳಕ್ಕೆ ತಕ್ಕ ಲಾಭವೆಂದು ಅರ್ಥಮಾಡುತ್ತಾರೆ. ಯಜಮಾನರು ತಂದೆಯ ಹಾಳೆಯ ಮುಂದೆ ಕುಳಿತಾಗ ಇನ್ನೊಂದು ಅರ್ಥವೂ ಅದಕ್ಕಿದೆಯೆಂದು ಕಂಡರು: ಕೈಲಾದಷ್ಟನ್ನು ಮಾಡಿಯಾದ ಮೇಲೆ ಮಾತ್ರ ಫಲವನ್ನು ಕೇಳುವ ಅಧಿಕಾರ. ಮಾಡದೆಯೇ ಬರುವ ವರ್ಷವನ್ನು ದೂರುವುದಕ್ಕೆ ಅಧಿಕಾರವಿಲ್ಲ.

ಮಗನನ್ನು ಕರೆದು ಅವರು ಹೇಳಿದುದು ಇಷ್ಟು: "ನೀನು ಹೇಳಿದ ಲೆಕ್ಕ ಸರಿಯಪ್ಪ. ನೆಲವನ್ನು ಮಾರಿದರೆ ಬರುವ ಬಡ್ಡಿ ಗಿರಣಿಯ ಲಾಭಕ್ಕಿಂತ ಹೆಚ್ಚೇ. ಆದರೆ ನಾವು ಬಾಗಿಲು ಹಾಕಿದರೆ ಪುಷ್ಯದ ಮಳೆಗೆ ಬೀಜ ಕೇಳಿಕೊಂಡು ಬರುವವರು ಯಾರ ಬಾಗಿಲಿಗೆ ಹೋಗಬೇಕು? ಒಂದು ವರ್ಷ ನನಗೆ ಬಿಡು. ನಿಂತುಹೋದ ಎರಡು ಯಂತ್ರಗಳನ್ನು ಮಾರೋಣ, ಅವುಗಳ ಕೆಳಗಿನ ನೆಲವನ್ನೂ ಮಾರೋಣ. ಬ್ಯಾಂಕಿನ ಸಾಲ ತೀರಲಿ. ಒಂದು ಯಂತ್ರವೂ ಆ ಹಳೆಯ ಗಾಣವೂ ಉಳಿಯಲಿ. ಗಾಣದ ಎಣ್ಣೆಯನ್ನು ಬೆಂಗಳೂರಿಗೆ ಮುಟ್ಟಿಸುವ ವಿದ್ಯೆ ನನಗಿಲ್ಲ, ನಿನಗಿದೆ. ಮುಂದಿನ ಯುಗಾದಿಗೆ ಪುಸ್ತಕದ ಮೊದಲ ಹಾಳೆಯನ್ನು ನೀನೇ ಬರೆ." ಮಗನು ಕೂಡಲೇ ಒಪ್ಪಲಿಲ್ಲ. ಎರಡು ದಿನ ಕಳೆದ ಮೇಲೆ, ಉಳಿಯುವ ಯಂತ್ರಕ್ಕೆ ವಿದ್ಯುತ್ತಿನ ಖರ್ಚೆಷ್ಟು ಬೀಳುವುದೆಂದು ಲೆಕ್ಕ ಹಾಕುವುದಕ್ಕೆ ಕುಳಿತನು. ಮನೆಯವರು ಅದನ್ನೇ ಒಪ್ಪಿಗೆಯೆಂದು ತಿಳಿದರು.

ಪರಾಭವದ ಹಾಳೆಯಲ್ಲಿ ಯಜಮಾನರು ಬರೆದ ಸಾಲುಗಳು ಇವು. ಮಳೆ: ಬಂದಂತೆ. ಬೀಜ: ಆಶ್ಲೇಷ ಹುಟ್ಟುವವರೆಗೆ ಮಾರತಕ್ಕದ್ದಲ್ಲ. ಸುಂಕ: ಏರಿದರೂ ಇಳಿಯುತ್ತದೆ, ಇಳಿದರೂ ಏರುತ್ತದೆ, ಅದನ್ನು ನಂಬಿ ಕಾಯಿ ಹಿಡಿಯಬಾರದು. ಬೆಲೆ: ಅಗ್ಗದ ಎಣ್ಣೆ ಇನ್ನೂ ಅಗ್ಗವಾದೀತು, ಶುದ್ಧವಾದ ಎಣ್ಣೆಗೆ ಗಿರಾಕಿ ಕಡಿಮೆ, ಆದರೆ ಬಂದವನು ಬಿಟ್ಟುಹೋಗುವುದಿಲ್ಲ. ಆಳುಗಳು: ಇರುವವರನ್ನು ಬಿಡತಕ್ಕದ್ದಲ್ಲ. ಬಾಕಿ: ಹಿಂದಿನ ಪರಾಭವದಂತೆ.

ಇವುಗಳಲ್ಲಿ ಎಷ್ಟಕ್ಕೆ ಗೆರೆ ಬೀಳುವುದು, ಎಷ್ಟಕ್ಕೆ ಸೊನ್ನೆ ಬೀಳುವುದು ಎಂಬುದು ಕಾಲಕ್ಕೆ ಬಿಟ್ಟದ್ದು. ಆದರೆ ನೋಡಿದರೆ ಈ ಸಾಲುಗಳಲ್ಲಿ ಮುಕ್ಕಾಲು ಪಾಲು ಭವಿಷ್ಯವೇ ಅಲ್ಲ. ವರ್ತಕನು ತನಗೆ ತಾನೇ ಹಾಕಿಕೊಂಡ ನಿಬಂಧನೆ. ಮುಂದೆ ಏನಾಗುವುದೆಂದು ಹೇಳುವುದು ಜ್ಯೋತಿಷಿಯ ಕೆಲಸ. ಏನಾದರೂ ತಾನು ಏನು ಮಾಡುವೆನೆಂದು ಹೇಳುವುದು ಸಂಸಾರಸ್ಥನ ಕೆಲಸ. ಸಂವತ್ಸರದ ಹೆಸರನ್ನು ಯಾರೂ ಬದಲಾಯಿಸಲಾರರು. ಪರಾಭವವು ಅರವತ್ತು ವರ್ಷಕ್ಕೊಮ್ಮೆ ಬಂದೇ ತೀರುವುದು. ಅದರ ಮುಂದಿನದು ಪ್ಲವಂಗ. ಕಪಿಯಂತೆ ನೆಗೆಯುವುದೆಂದು ಅದರ ಅರ್ಥ. ನೆಗೆಯಬೇಕಾದವನು ಅದಕ್ಕೆ ಮುಂಚೆ ಒಂದಿಷ್ಟು ಬಗ್ಗುವುದು ಸೋಲಲ್ಲವೆಂದು ಚಳ್ಳಕೆರೆಯ ರೈತನೂ ಬಲ್ಲ, ಮೊಳಕಾಲ್ಮೂರಿನ ನೇಕಾರನೂ ಬಲ್ಲ.